ಅಪ್ಪಟಮ್ಮನ ಮುಲಾಮು

ಅಪ್ಪನ ಎರಡನೆಯ ಹೆಂಡತಿಗೆ ಮುಲಾಮಿನ ಕಾರ್ಖಾನೆಯಲ್ಲಿ ಸಾಮಾನು ಪರೀಕ್ಷಿಸುವ ಕೆಲಸ. ಬಂದದ್ದರಲ್ಲಿ ಚಿಟಿಕೆಯಷ್ಟು ತೆಗೆದು, ಸಣ್ಣ ಗಾಜಿನ ಕೊಳವೆಗೆ ತುಂಬಿ, ಬಿಸಿ ಮಾಡಿ, ಅದು ಕರಗುವ ಗಳಿಗೆಗಾಗಿ ಕಣ್ಣು ಮಿಟುಕಿಸದೆ ಕಾಯಬೇಕು. ಅವಳು ‘ಅಪ್ಪಟ’ ಎನ್ನುವವರೆಗೆ ಒಂದು ಚೀಲವೂ ಒಳಗೆ ಹೋಗುತ್ತಿರಲಿಲ್ಲ. ಅಲ್ಲಿಯವರು ಅವಳಿಗೆ ಅಪ್ಪಟಮ್ಮ ಎಂದೇ ಅಡ್ಡಹೆಸರಿಟ್ಟಿದ್ದರು. ನಾನು ಏನೂ ಕರೆಯುತ್ತಿರಲಿಲ್ಲ. ಹನ್ನೊಂದು ವರ್ಷದ ಹಟಮಾರಿ. ಬೇಕಾದಾಗ “ಇಲ್ನೋಡಿ” ಎನ್ನುತ್ತಿದ್ದೆ, ಅಷ್ಟೆ.

“ಶುದ್ಧವಾದದ್ದು ಒಂದೇ ಡಿಗ್ರಿಗೆ ತಟ್ಟಂತ ಕರಗುತ್ತೆ. ಬೆರಕೆ ಆದ್ರೆ ಮೀನಮೇಷ ಎಣಿಸುತ್ತೆ,” ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದಳು.

“ಹಾಗಾದ್ರೆ ನಿಮ್ಮ ಮುಲಾಮೂ ಬೆರಕೆನೇ,” ಎಂದು ಅಪ್ಪ ಕೆಣಕುತ್ತಿದ್ದರು.

“ಅಲ್ಲ. ಅದು ಬೇಕಂತಲೇ ಅಳತೆ ಹಾಕಿ ಕೂಡಿಸಿದ್ದು. ಗಟ್ಟಿ ನಿಲ್ಲೋಕೆ ಮೇಣ, ಹರಡೋಕೆ ಎಣ್ಣೆ, ಮೂಗು ಬಿಡಿಸೋಕೆ ಕರ್ಪೂರ. ಒಂದು ಹೆಚ್ಚುಕಮ್ಮಿ ಆದ್ರೂ ಕೆಲಸ ಕೆಟ್ಟಿತು.”

ತೀರಿಹೋದ ನನ್ನ ಅಮ್ಮ ಕೈಯಾರೆ ಮಾಡಿದ ಮುಲಾಮಿನ ಡಬ್ಬಿ ನನ್ನ ದಿಂಬಿನ ಕೆಳಗಿತ್ತು. ನೆಗಡಿಯಾದಾಗ ಎದೆಗೆ ಹಚ್ಚಿಕೊಂಡರೆ ಅಮ್ಮ ಪಕ್ಕದಲ್ಲಿ ಕೂತ ಹಾಗಾಗಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಡಬ್ಬಿಯ ತಳ ಕಾಣತೊಡಗಿದಾಗ ಭಯವಾಯಿತು. ಅದು ಮುಗಿದರೆ ಅಮ್ಮ ಮುಗಿದಂತೆ. ಕೊನೆಗೆ ಹಟ ಬಿಟ್ಟು ಅಪ್ಪಟಮ್ಮನ ಮುಂದೆ ಇಟ್ಟೆ.

“ಇಲ್ನೋಡಿ. ಹೀಗೇ ಮಾಡಿಕೊಡ್ತೀರಾ?”

ಹಾಲಿನಂಥ ಬಿಳಿ ಮೇಣ, ಸೋಸಿ ಸೋಸಿ ತಿಳಿಯಾದ ಎಣ್ಣೆ, ಅಪ್ಪಟ ಕರ್ಪೂರ ತಂದು ಮಾಡಿದಳು. ಮೂಸಿ ನೋಡಿ “ಇದಲ್ಲ” ಎಂದೆ. ಅಳತೆ ಬದಲಿಸಿ ಐದು ಸಲ ಮಾಡಿದಳು. ಐದು ಸಲವೂ ಅದೇ ಮಾತು. ಹೇಳುವಾಗ ಒಳಗೊಳಗೇ ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ಭಾನುವಾರ ಡಬ್ಬಿಯ ತಳವನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದವಳು ಒಬ್ಬಳೇ ನಕ್ಕಳು. ಅಲ್ಲಿ ಜೇನ್ನೊಣದ ರೆಕ್ಕೆಯ ಚೂರು ಅಂಟಿತ್ತು.

“ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನಿಮ್ಮಮ್ಮ ಹಾಕಿದ್ದು ಗೂಡಿನ ಹಳದಿ ಮೇಣ ಕಣೇ. ನಾನು ಶುದ್ಧ ಮಾಡಿದ್ದನ್ನೇ ಹಾಕ್ತಿದ್ದೆ. ವಾಸನೆ ಅದರಲ್ಲೆಲ್ಲಿ ಉಳಿಯುತ್ತೆ?”

ಅದೇ ವಾರ ನನಗೆ ಜ್ವರ ಬಂತು. ಮಧ್ಯಾಹ್ನ. ಕಿಟಕಿಯ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಗೋಡೆಗಳು ನೀರಿನಡಿಯಲ್ಲಿ ಇದ್ದ ಹಾಗೆ ತೂಗುತ್ತಿದ್ದವು. ಬೆಚ್ಚನೆಯ ಅಂಗೈಯೊಂದು ನನ್ನ ಎದೆಯ ಮೇಲೆ ಮೆಲ್ಲಗೆ ಸುತ್ತುತ್ತಿತ್ತು. ಮೊದಲು ಜೇನಿನ ವಾಸನೆ ಬಂತು, ಆಮೇಲೆ ಕರ್ಪೂರದ್ದು.

ಕಣ್ಣು ಮುಚ್ಚಿಕೊಂಡೇ “ಅಮ್ಮ” ಎಂದೆ.

ಅಂಗೈ ನಿಂತಿತು. ಮತ್ತೆ ಸುತ್ತತೊಡಗಿದಾಗ, “ಹೂಂ, ಇಲ್ಲೇ ಇದೀನಿ,” ಎಂಬ ದನಿ ಬಂತು.

ನಾನು ಕರೆದದ್ದು ತೀರಿಹೋದ ಅಮ್ಮನನ್ನು. ಓಗೊಟ್ಟವಳು ಇವಳು. ಕಣ್ಣು ಬಿಟ್ಟು ಅವಳ ಮುಖ ನೋಡಿದೆ, ಮತ್ತೊಮ್ಮೆ ಕರೆದೆ.