ಒಂಬತ್ತಕ್ಕೆ ಒಗ್ಗದ ಸಂಖ್ಯೆ

ನೆಲಮಂಗಲದ ಗೋಡೌನಿಗೆ ಟೈಲ್ಸ್ ಲಾರಿ ತಂದಿದ್ದೆ. ಬಾಕ್ಸಿಗೆ ಒಂಬತ್ತು ಟೈಲ್ಸ್, ಒಂದರ ಸೀಲೂ ಒಡೆದಿರಲಿಲ್ಲ. ಸೂಪರ್‌ವೈಸರ್ ಲೋಡಿನ ಕಾಗದ ನೋಡಿ, "ಇದರಲ್ಲಿ 10,468 ಇದೆ, ಬಂದಿರೋದು 10,368. ನೂರು ಟೈಲ್ಸ್ ಎಲ್ಲಿ ಮಾರ್ಕೊಂಡೆ?" ಅಂದುಬಿಟ್ಟ.

ಮೈಯೆಲ್ಲ ಉರಿದುಹೋಯಿತು. ಗಾಡಿ ನಂಬರು ಕೂಡಿ ಅದೃಷ್ಟ ನೋಡೋ ಚಾಳಿ ನನ್ನದು. ಕಾಗದದ ಅಂಕಿಗಳನ್ನೂ ಕೂಡಿದೆ, ಹತ್ತೊಂಬತ್ತು.

"ಅಂಕಿ ಕೂಡಿದರೆ ಒಂಬತ್ತೋ ಹದಿನೆಂಟೋ, ಒಂಬತ್ತರ ಮಗ್ಗಿಯದ್ದೇ ಬರಬೇಕಿತ್ತು ಸಾರ್. ಒಂಬತ್ತರ ಬಾಕ್ಸ್‌ಗಳಲ್ಲಿ ಈ ಸಂಖ್ಯೆ ಬರೋಕೇ ಆಗಲ್ಲ. ಕಾಗದವೇ ತಪ್ಪು."

"ಎಷ್ಟು ಓದಿದೀಯಪ್ಪಾ?"

"ಐದನೇ ಕ್ಲಾಸು. ಗಾಡಿ ನಂಬರು ಕೂಡಿ ಅದೃಷ್ಟ ನೋಡ್ತೀನಿ, ಅಷ್ಟೇ. ನೀವು ಮೊಬೈಲಲ್ಲಿ ಒಂಬತ್ತರಿಂದ ಭಾಗಿಸಿ ನೋಡಿ!"

ಭಾಗಿಸಿದ. ಚುಕ್ಕಿಯ ಮುಂದೆ ಒಂದುಗಳ ಸಾಲೇ ನಿಂತಿತು. ಕಳ್ಳ ಅಂದವನ ಬಾಯಲ್ಲಿ 'ತಪ್ಪಾಯ್ತು' ಅಂತ ಒಂದು ಮಾತಿಲ್ಲ. ಮೆಲ್ಲಗೆ, "ನನ್ನ ಬೈಕ್ ನಂಬರ್ ಕೂಡಿದರೆ ಎಂಟು ಬರುತ್ತೆ, ಒಳ್ಳೇದಾ?" ಅಂದ.

"ಶನಿ ಸಂಖ್ಯೆ ಸಾರ್, ಮಾರ್ಕೊಳ್ಳಿ" ಅಂದೆ.