ಬಣ್ಣದಜ್ಜನ ಬಾಟಲಿ

ಗೋಡೆಯಿಂದ ಕಿತ್ತ ಚೂರೊಂದನ್ನು ತಂದು ತೋರಿಸಿದರೆ ಸಾಕು, ಪೇಂಟ್ ಅಂಗಡಿಯ ಬಣ್ಣದಜ್ಜ ಅದೇ ಬಣ್ಣ ಕಲಸಿ ಕೊಡುತ್ತಿದ್ದ. ಬಣ್ಣ ಬೆರೆಸುವ ಯಂತ್ರ ಬಂದ ಮೇಲೂ ಮಾಲೀಕ ಅವನನ್ನು ಬಿಟ್ಟಿರಲಿಲ್ಲ. ಬಿಸಿಲಿಗೆ ಮಾಸಿದ ಹಳೆಯ ಬಣ್ಣಗಳ ಮುಂದೆ ಯಂತ್ರ ತಡಬಡಾಯಿಸುತ್ತಿತ್ತು. ಆದರೆ ಎಪ್ಪತ್ತರ ಹತ್ತಿರ ಬಂದ ಅಜ್ಜನ ಕೈ ಈಗ ನಡುಗುತ್ತಿತ್ತು. ವಯಸ್ಸಾಯಿತು ಎಂದರು ಗಿರಾಕಿಗಳು. ವಯಸ್ಸಲ್ಲವೆಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಶಟರ್ ಎತ್ತಿದೊಡನೆ, ಥಿನ್ನರ್ ಡಬ್ಬಿಗಳ ಹಿಂದಿನ ಬಾಟಲಿಯಿಂದ ಎರಡು ಗುಟುಕು ಇಳಿದರೆ ನಡುಕ ನಿಲ್ಲುತ್ತಿತ್ತು, ಮಧ್ಯಾಹ್ನಕ್ಕೆ ಮತ್ತೆ ಶುರುವಾಗುತ್ತಿತ್ತು. ಮನೆಯ ಅಲಮಾರಿಯಲ್ಲಿ ಸಂಜೆಗೆಂದು ಇನ್ನೊಂದು ಬಾಟಲಿ ಇತ್ತು.

"ಮೇಸ್ತ್ರಿ, ಬಣ್ಣ ಹೊಂದಲಿಲ್ಲ ಅಂತ ಮತ್ತೆ ಡಬ್ಬಿ ವಾಪಸ್ ಬಂದಿದೆ," ಎಂದ ಮಾಲೀಕ ಒಂದು ದಿನ. "ಇನ್ನೊಂದು ಬಂತು ಅಂದ್ರೆ ನೀವು ಮನೇಲೇ ಆರಾಮಾಗಿರಿ."

ಕೆಲಸ ಉಳಿಯಬೇಕಾದರೆ ಕುಡಿತ ಬಿಡಬೇಕು, ಅದೂ ಸದ್ದಿಲ್ಲದೆ. ಹಿಂದೆ ಎಷ್ಟೋ ಸಲ ಆಣೆ ಇಟ್ಟು ಮುರಿದಿದ್ದ. "ಈ ಸಲದ ಆಣೆಗೆ ಗ್ಯಾರಂಟಿ ಎಷ್ಟು ದಿನದ್ದು?" ಎಂಬ ಹೆಂಡತಿಯ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ತ್ರಾಣ ಅವನಿಗಿರಲಿಲ್ಲ. ಅಂಗಡಿಯ ಬಾಟಲಿಯನ್ನು ಚರಂಡಿಗೆ ಸುರಿದ. ಮನೆಯ ಬಾಟಲಿಗೆ ದಿನಕ್ಕಿಷ್ಟು ನೀರು ಬೆರೆಸತೊಡಗಿದ. ತೆಳುವಾಗಿದ್ದು ಅವಳ ಕಣ್ಣಿಗೆ ಬೀಳದಿರಲೆಂದು, ಕಸುಬು ಬಲ್ಲವನಲ್ಲವೇ, ಹಾಲು ಹಾಕದ ಚಹಾ ಸೇರಿಸಿ ಬಣ್ಣ ಹೊಂದಿಸಿದ.

ಬಣ್ಣವೇನೋ ಹೊಂದಿತು, ಮೈ ಹೊಂದಲಿಲ್ಲ. ನಿದ್ದೆ ಹಾರಿಹೋಯಿತು, ಬೆವರು ಕಿತ್ತುಕೊಂಡು ಬಂತು. ಒಂದು ಮಧ್ಯಾಹ್ನ ಬಿಳಿ ಪೇಂಟಿನ ಡಬ್ಬಿ ತೆರೆದವನು ಕಿರುಚಿದ: "ಇದರೊಳಗೆ ಇರುವೆ ಬಿಟ್ಟವರು ಯಾರ್ರೀ? ಡಬ್ಬಿ ತುಂಬಾ ಹರೀತಾ ಇವೆ!" ಡಬ್ಬಿಯಲ್ಲಿ ಪೇಂಟು ಬಿಟ್ಟರೆ ಬೇರೇನೂ ಇರಲಿಲ್ಲ. ಮಾಲೀಕ ಅವನನ್ನು ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿ, ಹೆಂಡತಿಗೆ ಫೋನ್ ಮಾಡಿದ.

ಇಂಜೆಕ್ಷನ್ ಹಿಡಿದು ಮಾರನೆಯ ದಿನ ಇರುವೆಗಳು ಮಾಯವಾದವು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ದಿನಕ್ಕೆ ಎಷ್ಟು ಕುಡೀತಿದ್ರಿ, ಯಜಮಾನ್ರೇ?"

"ಅರ್ಧಕ್ಕೆ ಇಳಿಸಿದ್ದೆ, ಡಾಕ್ಟ್ರಮ್ಮ. ನಾನೇ ನೀರು ಬೆರೆಸ್ತಿದ್ದೆ."

ಕಾಲ ಬಳಿ ನಿಂತಿದ್ದ ಹೆಂಡತಿ ಬೆಚ್ಚಿದಳು. "ನೀವೂ ಬೆರೆಸ್ತಿದ್ರಾ?"

"ನೀವೂ ಅಂದ್ರೆ?"

"ಸುರಿದ್ರೆ ಹೊಸದು ತರ್ತೀರಿ ಅಂತ ನಾನೂ ದಿನಾ ಒಂದು ಲೋಟ ನೀರು ಹಾಕ್ತಿದ್ದೆ ಕಣ್ರೀ. ಗೊತ್ತಾಗಬಾರದು ಅಂತ ಮೇಲೊಂದಿಷ್ಟು ಚಹಾ."

"ಅಯ್ಯೋ ಪುಣ್ಯಾತ್ಗಿತ್ತಿ! ನಾಲಿಗೆ ಸತ್ತೋಯ್ತು ಅಂದ್ಕೊಂಡಿದ್ದೆನಲ್ಲೇ!"

ಡಾಕ್ಟರಮ್ಮ ನಗು ತಡೆದುಕೊಂಡರು. "ಬಿಡೋಕೆ ಹೊರಟಿದ್ದು ಒಳ್ಳೇದೇ. ಆದ್ರೆ ವರ್ಷಗಟ್ಟಲೆ ಕುಡಿದ ಮೈಗೆ ಹೀಗೆ ದಿಢೀರಂತ ತಪ್ಪಿಸಿದ್ರೆ ಫಿಟ್ಸ್ ಬರಬಹುದು, ಜೀವಾನೂ ಹೋಗಬಹುದು. ಈ ವಯಸ್ಸಲ್ಲಿ ಅಪಾಯ ಇನ್ನೂ ಜಾಸ್ತಿ. ಇಲ್ಲೇ ಇರಿ, ಔಷಧಿ ಕೊಟ್ಟು ನಾವು ಬಿಡಿಸ್ತೀವಿ."

"ಇಲ್ಲೇ ಅಂದ್ರೆ, ಕುಡುಕರ ವಾರ್ಡಲ್ಲಾ? ಅಂಗಡೀಲಿ ಗೊತ್ತಾದ್ರೆ ಕೆಲಸ ಹೋಯ್ತು."

"ಗೊತ್ತಾಗೋಕೆ ಇನ್ನೇನು ಉಳಿದಿದೆ?" ಎಂದಳು ಹೆಂಡತಿ. "ತಂದು ಮಲಗಿಸಿದ್ದೇ ಮಾಲೀಕರು. ವಾಸಿ ಮಾಡ್ಕೊಂಡು ಬರಲಿ, ಆಮೇಲೆ ನೋಡೋಣ ಅಂದಿದ್ದಾರೆ."

ಅಜ್ಜ ದಿಂಬಿಗೆ ಒರಗಿಕೊಂಡ.

"ಮುಂದಿನ ಔಷಧಿ ನಿಮ್ಮ ನಿಜವಾದ ಲೆಕ್ಕದ ಮೇಲೆ," ಎಂದರು ಡಾಕ್ಟರಮ್ಮ. "ಮನೆಯ ಬಾಟಲಿ ಒಂದೇನಾ?"

ಹೌದೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ.

"ಅಂಗಡೀಲೂ ಒಂದಿತ್ತು. ಮೊದಲು ಅದನ್ನೇ ನಿಲ್ಲಿಸಿದ್ದೆ."

ಹೆಂಡತಿಯ ಮುಖ ಸಪ್ಪಗಾಯಿತು. ಸೆರಗು ಸರಿಪಡಿಸಿಕೊಂಡು ಬಾಗಿಲ ಕಡೆ ತಿರುಗಿದಳು. "ನನ್ನೆದುರಿಗೆ ಪೂರ್ತಿ ಬಾಯಿ ಬಿಡಲ್ಲ ಇವರು, ಡಾಕ್ಟ್ರೇ. ನಾನು ಹೊರಗಿರ್ತೀನಿ."

"ಹೋಗ್ಬೇಡ, ಕೂತ್ಕೋ," ಎಂದ ಅಜ್ಜ. "ಇನ್ನೂ ಇದೆ."

ಅವಳು ಮಂಚದ ಅಂಚಿನಲ್ಲಿ ಕೂತಳು. ಅವನು ಬೆಳಗಿನ ಮೊದಲ ಗುಟುಕಿನಿಂದ ಹೇಳತೊಡಗಿದ.