ಕರೀಮಮ್ಮನ ಜೋಡಿ ಎಲೆ

ಕರೀಮುನ್ನೀಸಾ ಬೆಳ್ಳಿಯನ್ನು ಬೆರಳಿನಿಂದ ಮುಟ್ಟುವುದಿಲ್ಲ. ಮುಟ್ಟಿದರೆ ಅದು ಬೆರಳಿಗೇ ಮೆತ್ತಿಕೊಂಡು ಮಾಯವಾಗುತ್ತದೆ, ಅಷ್ಟು ತೆಳು. ಚಿತ್ರದುರ್ಗದ ಕೋಟೆ ಬುಡದ ಓಣಿಯಲ್ಲಿ ತಮ್ಮ ಜಮೀರ್ ಚರ್ಮದ ಹಾಳೆಗಳ ನಡುವೆ ಬೆಳ್ಳಿ ಚೂರುಗಳನ್ನಿಟ್ಟು ಬೆಳಗಿನಿಂದ ಸುತ್ತಿಗೆಯಲ್ಲಿ ಬಡಿಯುತ್ತಾನೆ. ಉಸಿರಿಗೆ ಹಾರುವಷ್ಟಾದ ಮೇಲೆ ಅಕ್ಕ ಅದನ್ನು ಚಪ್ಪಟೆ ಕಡ್ಡಿಯಿಂದೆತ್ತಿ, ಮೆಲ್ಲಗೆ ಊದಿ, ಸುಕ್ಕಿಲ್ಲದಂತೆ ಕಾಗದದ ಮೇಲೆ ಮಲಗಿಸುತ್ತಾರೆ. ಬರ್ಫಿಯ ಮೇಲೆ ಹೊಳೆಯುವ ವರಖು ಅದೇ. ನಲವತ್ತು ವರ್ಷ ಹೀಗೆ ಊದಿದ್ದರಿಂದ ಮಾತಿಗೆ ಖರ್ಚು ಮಾಡಲು ಕರೀಮಮ್ಮನ ಬಳಿ ಉಸಿರು ಕಡಿಮೆ.

ಆ ಮನೆಗೊಂದು ರೂಢಿ. ಮೊದಲ ಸಲ ಬಂದವರಿಗೆ ಕಾಗದಕ್ಕೊಂದು ಬೆಳ್ಳಿ ಎಲೆ. ಎರಡನೇ ಸಲ ಬಂದವರು ಖಾಯಂ ಗಿರಾಕಿ. ಅವರಿಗೆ ಎಲೆಯ ಮೇಲೆ ಇನ್ನೊಂದು ಎಲೆ, ಕೊಸರು. ಕೊಟ್ಟದ್ದನ್ನು ಹೇಳುವುದಿಲ್ಲ. ಹೇಳಿ ಕೊಟ್ಟರೆ ಅದು ಕೊಸರಲ್ಲ, ಜಾಹೀರಾತು.

ಇಂಥ ಮನೆಗೆ ಡಾಕ್ಟರ್ ದಯಾನಂದ ಬಂದರು. ಹಿರಿಯೂರಿನಾಚೆ ಬಯಲಿನಲ್ಲಿರುವ ಒಂದು ಖಾಸಗಿ ಪ್ರಯೋಗಶಾಲೆಯ ಮುಖ್ಯಸ್ಥರು, ಮೂಲ ಹೊಳಲ್ಕೆರೆ ಕಡೆಯ ತಾಳ್ಯ. ಹೆಸರಿನಲ್ಲಿ ದಯೆ, ಆನಂದ ಎರಡೂ ಇದ್ದವು. ಮನುಷ್ಯನಲ್ಲಿ ಎರಡನೆಯದು ಮಾತ್ರ, ಅದೂ ತಮ್ಮ ಬಗ್ಗೆಯೇ. ಪರದೇಶದಿಂದ ಬರಬೇಕಿದ್ದ ಲೋಹದ ಹಾಳೆ ಬಂದಿರಲಿಲ್ಲ, ಹಾಗಾಗಿ ವರಖು ಬೇಕಿತ್ತು. ಯಾಕೆಂದು ಅವರು ಹೇಳಲಿಲ್ಲ. ಹೇಳಿದವಳು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹೊಸದುರ್ಗದ ಅಂಜಲಿ.

"ಈ ಎಲೆಗೆ ಲೇಸರ್ ಹೊಡೀತೀವಿ ಕರೀಮಮ್ಮ. ರೆಪ್ಪೆ ಬಡಿಯೋದ್ರೊಳಗೆ ಬೆಳ್ಳಿ ಕಾದು ಪ್ಲಾಸ್ಮಾ ಆಗ್ತೈತೆ. ಅಂದ್ರೆ ಅಣುವಿಗೆ ಕಟ್ಟಿ ಹಾಕಿದ್ದ ಎಲೆಕ್ಟ್ರಾನುಗಳು ಹಗ್ಗ ಹರ್ಕೊಂಡು ಓಡಾಡ್ತವೆ. ಅದೇ ಗಳಿಗೇಲಿ ಅದರೊಳಗೆ ಭಾರದ ಅಯಾನುಗಳ್ನ ತೂರಿಸ್ತೀವಿ."

"ಅವ್ಯಾವು?"

"ಒಂದಿಷ್ಟು ಎಲೆಕ್ಟ್ರಾನ್ ಕಳ್ಕೊಂಡಿರೋ ದಪ್ಪ ಅಣುಗಳು. ಆಚೆ ಕಡೆ ಬಂದಾಗ ಅವುಗಳ ಶಕ್ತಿ ಎಷ್ಟು ಸೋರೈತೆ ಅಂತ ನೋಡೋದು."

ಕರೀಮಮ್ಮ ಕಡ್ಡಿ ಕೆಳಗಿಟ್ಟರು. "ಮದ್ವೆ ಮನೇಲಿ ಎಲ್ರೂ ಕುಂತಿದ್ರೆ ನಡುವೆ ಸರಾಗ ಹೋಗ್ಬೋದು. ಊಟಕ್ಕೆ ಎದ್ರೋ, ದಾಟೋ ಹೊತ್ಗೆ ಸೆರಗೂ ಕಿತ್ಕೊಂಡು ಹೋಗ್ತೈತೆ. ಹಂಗಾ?"

"ಹಂಗೇ! ತಣ್ಣನೆ ಬೆಳ್ಳಿಗಿಂತ ಪ್ಲಾಸ್ಮಾದಾಗೆ ಒಂದೂವರೆ ಪಟ್ಟು ಹೋಗ್ಬೇಕು ಅಂತ ನಮ್ ಲೆಕ್ಕ."

ಮೊದಲ ಕಂತಿನ ಹನ್ನೆರಡು ಎಲೆಗಳನ್ನು ತಣ್ಣಗಿರುವಾಗಲೇ ಅಳೆದರು. ಮತ್ತೆ ಬಂದು ಒಯ್ದ ಎರಡನೇ ಕಂತಿನ ಹನ್ನೆರಡಕ್ಕೂ ಲೇಸರ್ ಹೊಡೆದರು; ಎಲ್ಲ ಆವಿಯಾಯಿತು. ಶಕ್ತಿ ಸೋರಿದ್ದು ಒಂದೂವರೆ ಪಟ್ಟಲ್ಲ, ಮೂರು ಪಟ್ಟು. ಎರಡನೇ ಕಂತನ್ನು ತೂಗಿ ದಪ್ಪ ನೋಡಿರಲಿಲ್ಲ. ಅಂಜಲಿ ತೂಗೋಣವೆಂದಾಗ "ಅದೇ ಮನೆ, ಅದೇ ಮಾಲು, ಟೈಮ್ ವೇಸ್ಟು" ಎಂದಿದ್ದರು ದಯಾನಂದ. ತಕ್ಕಡಿ ಇದ್ದದ್ದು ಒಂದು ಮೊಳ ದೂರದಲ್ಲಿ. ನಮ್ಮ ಕಾನ್ವೆಂಟಿನ ಸಿಸ್ಟರ್, ಉತ್ತರ ಬರೆದು ತಾಳೆ ನೋಡದವರ ಗೆಣ್ಣಿಗೆ ಸ್ಕೇಲಿನ ಅಂಚಿನಿಂದ ಹೊಡೆಯುತ್ತಿದ್ದರು. ಕೆಲವರಿಗೆ ಆ ಭಾಗ್ಯ ಸಿಕ್ಕಿರುವುದಿಲ್ಲ.

ವಾರದೊಳಗೆ ಹೊಳಲ್ಕೆರೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಕಪ್ಪು ಕನ್ನಡಕದ ದಯಾನಂದ, ಬೆನ್ನ ಹಿಂದೆ ಸಿಡಿಲು, ಕೆಳಗೆ 'ಜಗತ್ತೇ ಬೆರಗಾದ ಸಾಧಕ'. ಜಗತ್ತಿಗೆ ಇನ್ನೂ ತಿಳಿಸಿಯೇ ಇರಲಿಲ್ಲ. ಫ್ಲೆಕ್ಸಿನ ಕಂಬಕ್ಕೆ ಯಾರೋ ಎಲೆಅಡಿಕೆ ಉಗಿದಿದ್ದರು. ಆ ಸರ್ಕಲ್ಲಿನಲ್ಲಿ ನೋಡಬಹುದಾದದ್ದು ಅದೊಂದೇ.

ಲೇಖನ ಕಳಿಸಿದ್ದ ವಿಜ್ಞಾನ ಪತ್ರಿಕೆ ಮಾತ್ರ ಬೆರಗಾಗಲಿಲ್ಲ, ಅನುಮಾನಪಟ್ಟಿತು. ಎರಡೂ ಕಂತಿನ ದಪ್ಪ ಒಂದೇ ಎಂದು ಎಲೆ ಮಾಡಿದವರಿಂದ ಬರೆಸಿ ಕಳಿಸಿ ಎಂದಿತು. ದಯಾನಂದ ಟೈಪು ಮಾಡಿದ ಕಾಗದ ಹಿಡಿದು, ಅಂಜಲಿಯನ್ನೂ ಕರೆದುಕೊಂಡು ಓಣಿಗೆ ಬಂದರು.

"ಇಲ್ಲೊಂದು ಸೈನ್ ಹಾಕ್ರಿ ಕರೀಮಮ್ಮ. ಎರಡು ಸಲಾನೂ ಒಂದೊಂದೇ ಎಲೆ ಅಂತ."

"ಎರಡನೇ ಸಲ ಜೋಡಿ ಎಲೆ ಇಕ್ಕಿದ್ದೆ ಸಾರ್. ಕೊಸರು."

ಅಂಜಲಿಯ ಮುಖ ಬಿಳಿಚಿತು. ದಯಾನಂದರ ಮುಖದಲ್ಲಿ ಏನೂ ಆಗಲಿಲ್ಲ. ಅದೇ ಹೇಸಿಗೆ ಹುಟ್ಟಿಸುವ ಸಂಗತಿ. ಅವರು ನಕ್ಕರು.

"ವಯಸ್ಸಾಯ್ತು ನಿಮ್ಗೆ, ಮರ್ತಿದೀರಿ. ಸಾವಿರ ಎಲೆ ಇಕ್ತೀರಿ, ಹನ್ನೆರಡು ನೆಪ್ಪಿರ್ತಾವಾ?"

"ಕೊಟ್ಟ ಕೊಸರು ಮರೆಯಕ್ಕೆ ಆಗ್ತೈತಾ ಸಾರ್?"

"ಪ್ರೂಫ್ ಐತಾ? ಎಲೆ ಎಲ್ಲೈತೆ? ಗಾಳಿ ಆಗೋಯ್ತು. ಸುಮ್ನೆ ಸೈನ್ ಹಾಕ್ರಿ, ಭಾನುವಾರದ ಸನ್ಮಾನಕ್ಕೆ ನಿಮ್ಗೂ ಒಂದು ಶಾಲು ಹೊದಿಸ್ತೀವಿ."

"ಹಾಕೇ ಆಪಾ," ಎಂದ ಜಮೀರ್, ಸುತ್ತಿಗೆ ಹಿಡಿದೇ. "ದೊಡ್ಡೋರು ಮನೆ ಬಾಗ್ಲಿಗೆ ಬಂದವ್ರೆ."

"ನೀನು ಬಡಿ. ಇಕ್ಕೋಳು ನಾನು."

ಸಹಿ ಬೀಳಲಿಲ್ಲ. "ಮುದುಕಿಗೆ ಅರಳು ಮರಳು" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ದಯಾನಂದ ಕಾರು ಹತ್ತಿದರು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ನೋಡಿದರು. ಕರೀಮಮ್ಮನ ಕಡ್ಡಿಯ ಮೇಲಿದ್ದ ಎಲೆ ಹರಿದುಹೋಯಿತು. ಹಾಗಾದದ್ದನ್ನು ಜಮೀರ್ ಯಾವತ್ತೂ ಕಂಡಿರಲಿಲ್ಲ.

ಮರುದಿನ ಅಂಜಲಿ ಒಬ್ಬಳೇ ಬಸ್ಸಿನಲ್ಲಿ ಬಂದಳು. "ಸೋಮವಾರ ಮೆಷಿನ್ನಿನಲ್ಲಿ ನನ್ ಪಾಳಿ ಐತೆ. ಆರು ಜೋಡಿ ಎಲೆ ಕೊಡ್ರಿ, ಆರು ಒಂಟಿ. ಎರಡಕ್ಕೂ ಹೊಡೆದು ನೋಡ್ತೀನಿ. ನಿಮ್ ಮಾತು ನಿಜ ಅಂತ ತೋರಿಸ್ಬೇಕು."

"ಒಂಟಿನಾ? ಮೂರನೇ ಸಲ ಬಂದೋರಿಗೆ?"

"ಕೊಸರು ಬ್ಯಾಡ ಕರೀಮಮ್ಮ, ದಮ್ಮಯ್ಯ."

ಆರು ಜೋಡಿ ಕ್ಷಣದಲ್ಲಿ ಮುಗಿದವು. ಒಂಟಿ ಇಕ್ಕುವಾಗ ಕೈ ಎರಡನೇ ಎಲೆಗೆ ತಾನಾಗಿಯೇ ಹೋಗುತ್ತಿತ್ತು. ಕರೀಮಮ್ಮ ಕೈಯನ್ನು ಹಿಂದಕ್ಕೆಳೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಆರು ಸಲ ಹೀಗಾಯಿತು. ಬಂದವರಿಗೆ ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದಂತೆ ಮುಖ ಮಾಡಿಕೊಂಡು ಕಟ್ಟು ಕೊಟ್ಟರು.

ಭಾನುವಾರ ಸನ್ಮಾನ ನಡೆದೇ ನಡೆಯಿತು. ಪೇಟ, ಹಾರ, ಹಣ್ಣಿನ ಬುಟ್ಟಿ, ಮೂರು ಪಟ್ಟಿನ ಬಗ್ಗೆ ಮುಕ್ಕಾಲು ಗಂಟೆ ಭಾಷಣ. ತಿಳಿದೂ ತಿಳಿದೂ ಆಡಿದ ಭಾಷಣ. ಸನ್ಮಾನದಲ್ಲಿ ಮಾನ ಇದ್ದದ್ದು ಬ್ಯಾನರಿನ ಅಕ್ಷರಗಳಲ್ಲಿ ಮಾತ್ರ.

ಅಂಜಲಿ ಈ ಸಲ ಎಲ್ಲವನ್ನೂ ಮೊದಲು ತೂಗಿದಳು, ಆಮೇಲೆ ಹೊಡೆದಳು. ಒಂಟಿ ಎಲೆಗೆ ಒಂದೂವರೆ ಪಟ್ಟು. ದಪ್ಪ ಇಮ್ಮಡಿಯಾದ ಜೋಡಿಗೆ ಮೂರು. ಅಂಕಿಗಳನ್ನು ಪತ್ರಿಕೆಗೂ ದಯಾನಂದರಿಗೂ ಒಟ್ಟಿಗೇ ಕಳಿಸಿದಳು. 'ತಾಂತ್ರಿಕ ಕಾರಣಗಳಿಂದ' ಲೇಖನ ಹಿಂದಕ್ಕೆ ಬಂತು. ಫ್ಲೆಕ್ಸ್ ಹಾಗೇ ಇತ್ತು. ಅದಕ್ಕೆ ಇನ್ನೂ ಹದಿನೈದು ದಿನದ ಪರವಾನಗಿ ಇತ್ತಂತೆ.

ಅಂಜಲಿ ಓಣಿಗೆ ಓಡಿಬಂದು ಅಂಕಿಗಳ ಹಾಳೆಯನ್ನು ಕರೀಮಮ್ಮನ ಮುಂದೆ ಹರಡಿದಳು. ಅವರು ಅದರ ಕಡೆ ನೋಡಲಿಲ್ಲ.

"ಅಂದ್ರೆ, ನಾನು ಹೇಳಿದ್ದು ಸುಳ್ಳಲ್ಲ ಅಂತಾಯ್ತಾ?"

"ಆಯ್ತು ಕರೀಮಮ್ಮ. ಈಗ ಯಾರೂ ಇಲ್ಲ ಅನ್ನಂಗಿಲ್ಲ."

"ಹದಿನೆಂಟು ಎಲೆ ಬೆಳ್ಳಿ ಸುಟ್ಟು ಕೇಳ್ಬೇಕಿತ್ತಾ ತಾಯಿ ಅದನ್ನ?" ಎಂದರು ಕರೀಮಮ್ಮ. "ನಾನು ಬಾಯಿ ಬಿಟ್ಟು ಹೇಳಿದ್ನಲ್ಲ."